ಕೌದಿಯ ಮೇಲಿನ ಕುಲುಮೆ

ಬೆಳಗಾವಿಯ ರಾಮತೀರ್ಥ ನಗರದ ಆ ಮನೆಯಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಎರಡು ಸದ್ದು ಕೇಳುತ್ತಿದ್ದವು. ಒಂದು, ಎರಡನೇ ಪಾಳಿ ಮುಗಿಸಿ ಉದ್ಯಮಬಾಗದಿಂದ ಬರುವ ತಂದೆಯ ಬೈಕಿನದು. ಇನ್ನೊಂದು, ಮಗನ ಕೋಣೆಯಲ್ಲಿನ ಲ್ಯಾಪ್‌ಟಾಪ್ ಫ್ಯಾನಿನದು. ಮೊದಲನೆಯದು ಗೇಟಿನ ಹತ್ತಿರ ಬಂದು ನಿಲ್ಲುತ್ತಿತ್ತು. ಎರಡನೆಯದು ನಿಲ್ಲುತ್ತಲೇ ಇರಲಿಲ್ಲ.

‘ಓದೋ ಮಂದಿ ಕಂಪ್ಯೂಟರ್ ಹಿಂಗ ಒದರತೈತೇನ್ರಿ?’ ಎಂದು ತಾಯಿ ಊಟಕ್ಕೆ ಬಡಿಸುತ್ತ ದಿನವೂ ಕೇಳುತ್ತಿದ್ದರು. ಪಕ್ಕದ ಮನೆಯ ಹುಡುಗ ಆಟ ಆಡುವಾಗ ಅವನ ಯಂತ್ರ ಹೀಗೆಯೇ ಮೊರೆಯುವುದನ್ನು ಅವರು ಕೇಳಿದ್ದರು. ಸದ್ದೆಂದರೆ ಆಟ, ಆಟವೆಂದರೆ ಹಾಳು ಎಂಬುದು ಅವರ ಲೆಕ್ಕ. ತಂದೆ ಉತ್ತರಿಸುತ್ತಿರಲಿಲ್ಲ. ಆದರೆ ಆ ಲ್ಯಾಪ್‌ಟಾಪಿನ ಕಂತು ಮುಗಿದು ಇನ್ನೂ ಆರು ತಿಂಗಳಾಗಿರಲಿಲ್ಲವೆಂಬುದು ಅವರಿಗೆ ಪ್ರತಿ ತುತ್ತಿಗೂ ನೆನಪಾಗುತ್ತಿತ್ತು.

ನಿಜವಾಗಿ ಹುಡುಗ ಆಡುತ್ತಿರಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗಿನ ಕೊನೆಯ ವರ್ಷ. ಹೈಡ್ರಾಲಿಕ್ ಯಂತ್ರದ ಎಣ್ಣೆ ಟ್ಯಾಂಕಿನಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದು ಅವನ ಪ್ರಾಜೆಕ್ಟು. ಟ್ಯಾಂಕನ್ನು ಲಕ್ಷಗಟ್ಟಲೆ ಪುಟ್ಟ ತುಂಡುಗಳಾಗಿ ಕಲ್ಪಿಸಿಕೊಂಡು, ಒಂದೊಂದು ತುಂಡಿನ ಬಿಸಿಯನ್ನೂ ಕಂಪ್ಯೂಟರು ಮತ್ತೆ ಮತ್ತೆ ಲೆಕ್ಕ ಹಾಕಬೇಕು. ಅಂಥ ಲೆಕ್ಕಕ್ಕೆ ಗಂಟೆಗಳೇ ಬೇಕು. ಏಪ್ರಿಲ್ಲಿನ ಒಂದು ರಾತ್ರಿ, ಆರು ಗಂಟೆಗಳ ಲೆಕ್ಕ ಮುಗಿಯುತ್ತ ಬಂದಿದ್ದಾಗ, ಪರದೆ ಕಪ್ಪಾಯಿತು. ನಡುನಡುವೆ ಉಳಿಸಿಡುವ ಏರ್ಪಾಡನ್ನು ಅವನು ಮಾಡಿಕೊಂಡಿರಲಿಲ್ಲ. ಎಲ್ಲ ಹೋಯಿತು. ಪ್ರಾಜೆಕ್ಟು ತೋರಿಸಲು ಉಳಿದಿದ್ದದ್ದು ನಾಲ್ಕೇ ದಿನ.

ಬೆಳಿಗ್ಗೆ ಅವನು ಹೊಸ ಲ್ಯಾಪ್‌ಟಾಪ್ ಬೇಕೆಂದ. ‘ಆಟ ಆಡಿ ಸುಟ್ಟಿ’ ಎಂದರು ತಾಯಿ. ಸ್ವಲ್ಪ ತಡೆದು ನೋಡೋಣವೆಂದರು ತಂದೆ. ನಿದ್ದೆಗೆಟ್ಟ ಹುಡುಗನ ಬಾಯಿಂದ ಆಡಬಾರದ ಮಾತೊಂದು ಬಿತ್ತು: ‘ನಿಮಗ ಇದರಾಗಿಂದು ಏನ್ ತಿಳೀತೈತಿ, ಅಪ್ಪಾ?’

ತಂದೆ ಏನೂ ಅನ್ನಲಿಲ್ಲ. ಡಬ್ಬಿ ತೆಗೆದುಕೊಂಡು ಪಾಳಿಗೆ ಹೋದರು.

ಅವರು ದುಡಿಯುವುದು ಫೌಂಡ್ರಿಯಲ್ಲಿ. ಬೆಳಗಾವಿಗೆ ಹೆಸರು ತಂದ ಉದ್ಯಮಗಳಲ್ಲಿ ಎರಕವೂ ಒಂದು, ಹೈಡ್ರಾಲಿಕ್ಸೂ ಒಂದು. ಇಂಡಕ್ಷನ್ ಫರ್ನೇಸಿನಲ್ಲಿ ಕಬ್ಬಿಣ 1,400 ಡಿಗ್ರಿ ಸೆಲ್ಸಿಯಸ್ ದಾಟಿ ಕರಗಿರುವಾಗ, ಅದರ ಸುತ್ತ ಸುತ್ತಿದ ತಾಮ್ರದ ಕೊಳವೆಯಲ್ಲಿ ನೀರು ಹರಿಯುತ್ತಲೇ ಇರಬೇಕು. ನೀರು ಕಡಿಮೆಯಾದರೆ ಗಂಟೆ ಹೊಡೆದುಕೊಳ್ಳುತ್ತದೆ, ವಿದ್ಯುತ್ತು ತಾನೇ ಕಡಿದುಹೋಗುತ್ತದೆ. ಆಗ ಯಾರೂ ಫರ್ನೇಸ್ ಕೆಟ್ಟಿತು ಎನ್ನುವುದಿಲ್ಲ. ಫರ್ನೇಸ್ ತನ್ನನ್ನು ಉಳಿಸಿಕೊಂಡಿತು ಎನ್ನುತ್ತಾರೆ. ಆಮೇಲೆ ನೀರಿನ ಹಾದಿಯಲ್ಲಿ ಏನು ಕಟ್ಟಿಕೊಂಡಿದೆ ಎಂದು ಹುಡುಕುತ್ತಾರೆ.

ಅಂದು ರಾತ್ರಿ ಮನೆಗೆ ಬಂದವರು ಕೈಕಾಲು ತೊಳೆದು ನೇರವಾಗಿ ಮಗನ ಕೋಣೆಗೆ ಹೋದರು. ಲ್ಯಾಪ್‌ಟಾಪ್ ಮಂಚದ ಮೇಲೆ, ಖಾನಾಪುರದ ಕಡೆಯ ಹಳ್ಳಿಯಿಂದ ಅಜ್ಜಿ ಹೊಲಿದು ಕಳಿಸಿದ ಕೌದಿಯಲ್ಲಿ ಅರ್ಧ ಹುದುಗಿ ಕೂತಿತ್ತು. ತಂದೆ ಅದರ ಪಕ್ಕಕ್ಕೆ ಅಂಗೈ ಹಿಡಿದರು. ಫ್ಯಾನು ಜೋರಾಗಿ ಒದರುತ್ತಿತ್ತು, ಆದರೆ ಹೊರಬರುವ ಗಾಳಿ ಉಸಿರಿನಷ್ಟೂ ಇರಲಿಲ್ಲ.

‘ತಮ್ಮಾ, ಇದಕ್ಕ ಗಾಳಿ ಎಲ್ಲಿಂದ ಒಳಗ ಹೋಗತೈತಿ?’

ಹುಡುಗ ಯಂತ್ರವನ್ನು ಮಗುಚಿ ತೋರಿಸಿದ. ಕೆಳಗಿನ ಕಿಂಡಿಗಳಿಗೆ ಕೌದಿಯ ನೂಲೆಳೆ ಅಂಟಿಕೊಂಡಿತ್ತು.

‘ಮತ್ತ ಬಾಯಿಗೆ ಬಟ್ಟಿ ತುರುಕಿ ಓಡು ಅಂದ್ರ ಹ್ಯಾಂಗ?’

ಇಷ್ಟು ಸರಳವಾದ ಪ್ರಶ್ನೆಯನ್ನು, ಶಾಖದ ಮೇಲೆಯೇ ಪ್ರಾಜೆಕ್ಟು ಮಾಡುತ್ತಿದ್ದ ಹುಡುಗ ತನಗೆ ತಾನೇ ಕೇಳಿಕೊಂಡಿರಲಿಲ್ಲ.

ಲ್ಯಾಪ್‌ಟಾಪಿನ ಒಳಗೂ ಒಂದು ಸಣ್ಣ ಕುಲುಮೆಯಿದೆ. ಉಗುರಿನಗಲದ ಪ್ರೊಸೆಸರು ಭಾರೀ ಕೆಲಸದಲ್ಲಿ 45 ವ್ಯಾಟ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ತನ್ನು ಶಾಖವಾಗಿಸುತ್ತದೆ. ಹಳೆಯ ಕಾಲದ 40 ವ್ಯಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದರ ಅರ್ಥ ಆಗುತ್ತದೆ. ಆ ಶಾಖವನ್ನು ಚಪ್ಪಟೆ ತಾಮ್ರದ ಕೊಳವೆ ಅಂಚಿಗೆ ಸಾಗಿಸುತ್ತದೆ. ಕೊಳವೆಯೊಳಗಿನ ತುಸು ದ್ರವ ಬಿಸಿಯಾದ ಕಡೆ ಆವಿಯಾಗಿ, ತಣ್ಣಗಿನ ತುದಿಯಲ್ಲಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಆ ತುದಿಯ ತೆಳು ರೆಕ್ಕೆಗಳ ನಡುವೆ ಫ್ಯಾನು ಗಾಳಿ ನುಗ್ಗಿಸುತ್ತದೆ. ಬಿಸಿ ಏರಿದಂತೆ ಫ್ಯಾನು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತಿನವರೆಗೂ ಓಡುತ್ತದೆ. ಅದೂ ಸಾಲದೆ ಪ್ರೊಸೆಸರು 100 ಡಿಗ್ರಿಯ ಹತ್ತಿರ ಬಂದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ಬಿಸಿ ತಗ್ಗದಿದ್ದರೆ ಯಂತ್ರ ಆರಿಹೋಗುತ್ತದೆ. ಎಂದರೆ ಒದರುವುದು ರೋಗವಲ್ಲ, ಕೆಲಸ. ಒದರಿದರೂ ಗಾಳಿ ಬಾರದಿರುವುದು ರೋಗ.

ಮರುದಿನ ಬೆಳಿಗ್ಗೆ ತಂದೆ ಮಗ ಖಡೇಬಜಾರಿನ ಆಸುಪಾಸಿನ ಸಣ್ಣ ದುರಸ್ತಿ ಅಂಗಡಿಗೆ ಹೋದರು. ಹಿಂಬದಿ ಬಿಚ್ಚಿದಾಗ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಂಡಿನಂಥ ಧೂಳಿನ ಪದರ ಕಾಣಿಸಿತು. ಅಂಗಡಿಯವನು ಫ್ಯಾನಿನ ಅಲಗನ್ನು ಬೆರಳಿನಿಂದ ತಡೆಹಿಡಿದು ಗಾಳಿ ಊದಿದ. ಹಾಗೆ ಹಿಡಿಯದಿದ್ದರೆ ಊದಿದ ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿ ಹಾಳಾಗುವುದುಂಟು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಒಣಗಿಹೋಗಿದ್ದ ಪೇಸ್ಟನ್ನು ಒರೆಸಿ ಹೊಸದು ಹಚ್ಚಿದ. ಹೊಸ ಯಂತ್ರದ ಬೆಲೆಯ ಮುಂದೆ ಆದ ಖರ್ಚು ಏನೇನೂ ಅಲ್ಲ.

ಉಳಿದದ್ದನ್ನು ಹುಡುಗ ಮನೆಯಲ್ಲೇ ಮಾಡಿದ. ಕೌದಿ ಮಡಚಿ ಕಪಾಟು ಸೇರಿತು. ಲ್ಯಾಪ್‌ಟಾಪ್ ಮೇಜಿಗೆ ಬಂತು, ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಕೆಳಗೆ ಗಾಳಿಯಾಡುವಂತೆ ಎತ್ತರಿಸಿದ. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದ. ಇದು ಒಂದಂಶದ ಕಡಿತವಷ್ಟೇ ಅಲ್ಲ. ಅನೇಕ ಯಂತ್ರಗಳಲ್ಲಿ ಇದರಿಂದ ಪ್ರೊಸೆಸರು ಮಿತಿಮೀರಿ ಓಡುವ ಟರ್ಬೊ ವೇಗವೇ ನಿಂತುಹೋಗುತ್ತದೆ. ಫ್ಯಾನಿನ ಸದ್ದು ತಗ್ಗಿಸುವ ತಂತ್ರಾಂಶವೊಂದನ್ನು ಗೆಳೆಯ ಹೇಳಿದ್ದ, ಅದನ್ನು ಮಾತ್ರ ಮುಟ್ಟಲಿಲ್ಲ. ತಾಯಿ ಒದ್ದೆ ಬಟ್ಟೆ ಇಡಲೇ ಎಂದಾಗ, ನೀರಿಗೂ ವಿದ್ಯುತ್ತಿಗೂ ಆಗಿಬರುವುದಿಲ್ಲವೆಂದು ತಿಳಿಸಿ ಹೇಳಿದ.

ಲೆಕ್ಕವನ್ನು ನಡುಹಗಲಿಗೆ ಹಚ್ಚದೆ ನಸುಕಿಗೆ ಹಚ್ಚಬೇಕೆಂಬುದು ತಂದೆಯ ಸಲಹೆ. ಕೋಣೆಯ ಗಾಳಿಯೇ ಹತ್ತು ಡಿಗ್ರಿ ತಣ್ಣಗಿದ್ದರೆ ಯಂತ್ರದ ಒಳಗೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಹುಡುಗ ಮೂರೂವರೆಗೆ ಎದ್ದು, ಹದಿನೈದು ನಿಮಿಷಕ್ಕೊಮ್ಮೆ ಉಳಿಸಿಡುವಂತೆ ಹೊಂದಿಸಿ, ಲೆಕ್ಕ ಶುರುಮಾಡಿದ. ಮೊದಲು 98ರಲ್ಲಿ ಒದ್ದಾಡುತ್ತಿದ್ದ ಬಿಸಿ 80ರ ಆಸುಪಾಸಿನಲ್ಲಿ ನಿಂತಿತು. ಹಿಂದೆ ಪ್ರೊಸೆಸರು ಒಮ್ಮೆ ಜಿಗಿದು ಒಮ್ಮೆ ಕುಸಿದು ಏದುಸಿರು ಬಿಡುತ್ತಿತ್ತು. ಈಗ ಗರಿಷ್ಠ ವೇಗ ಕಡಿಮೆಯಾದರೂ ಒಂದೇ ಹದದಲ್ಲಿ ನಡೆಯಿತು. ಆರು ಗಂಟೆಯಲ್ಲಿ ಮುಗಿಯದಿದ್ದದ್ದು ನಾಲ್ಕೂವರೆ ಗಂಟೆಗೆ ಮುಗಿಯಿತು. ನಿಧಾನವೇ ಪ್ರಧಾನ ಎಂಬ ಮಾತು ಯಂತ್ರಕ್ಕೂ ಸಲ್ಲುತ್ತದೆ.

ನಡುವೆ ಚಹಾ ತಂದ ತಾಯಿ ಬಾಗಿಲಲ್ಲಿ ನಿಂತರು. ‘ಇನ್ನೂ ಒದರಾಕತ್ತೈತಲ್ಲೋ?’

‘ಒದರಲಿ ಬಿಡವ್ವ, ದುಡಿಯಾಕತ್ತೈತಿ.’

ತಾಯಿ ಮೊದಲ ಬಾರಿಗೆ ಪರದೆಯತ್ತ ಬಗ್ಗಿ ನೋಡಿದರು. ಅಲ್ಲಿ ಆಟವಿರಲಿಲ್ಲ. ಕೆಂಪು, ಹಳದಿ, ನೀಲಿ ಬಣ್ಣದ ಟ್ಯಾಂಕೊಂದಿತ್ತು. ಕೆಂಪೆಂದರೆ ಬಿಸಿ, ನೀಲಿಯೆಂದರೆ ತಂಪು ಎಂದು ಮಗ ವಿವರಿಸಿದ. ಅವರು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಅಂದಿನಿಂದ ಊಟದ ಹೊತ್ತಿನ ಆ ಪ್ರಶ್ನೆ ಮಾತ್ರ ನಿಂತಿತು.

ಆಡಿದ ಮಾತಿಗೆ ಮಗ ಕ್ಷಮೆ ಕೇಳಲಿಲ್ಲ. ಗಂಡುಮಕ್ಕಳಿಗೆ ಅಪ್ಪನ ಮುಂದೆ ಅಂಥ ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಪ್ರಾಜೆಕ್ಟು ತೋರಿಸಿ ಬಂದ ಸಂಜೆ ಅವನು ಕೇಳಿದ್ದು ಇಷ್ಟೇ: ‘ಅಪ್ಪಾ, ನಿಮ್ಮ ಫರ್ನೇಸಿನ ನೀರಿನ ಲೈನು ನಾನೂ ಒಮ್ಮೆ ನೋಡಬೇಕಾಗಿತ್ತು. ಸಾಹೇಬರನ್ನ ಕೇಳ್ತೀರೇನು?’

ತಂದೆ ಕೇಳುತ್ತೇನೆಂದರು. ಅಂದು ಅವರು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ಉಂಡರು.