ಬಡಗಣ ಗಾಳಿಯ ನಾಡು

ಬೆಳಗಿನ ಜಾವ ಹಡಗಿನ ಕಟಕಟೆ ಹಿಡಿದು ನಿಂತಿದ್ದ ನನಗೆ ಮೊದಲು ಕಂಡದ್ದು ನೆಲವಲ್ಲ, ತೆಂಗಿನ ತಲೆಗಳು. ನೀರಿನೊಳಗಿಂದಲೇ ಹುಟ್ಟಿ ಬಂದಂತೆ ಒಂದು ಸಾಲು ಗರಿಗಳು! ಅವುಗಳ ಕೆಳಗೆ ಮಣ್ಣಿದೆ ಎಂದು ನಂಬುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯಿತು. ಸಮೋವಾದ ಆಪಿಯಾ ಬಿಟ್ಟು ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ನಾನು ಹೊರಟಿದ್ದ ದ್ವೀಪನಾಡು ಟೊಕೆಲಾವ್‌ನಲ್ಲಿ ವಿಮಾನ ನಿಲ್ದಾಣವಿಲ್ಲ. ಸುಮಾರು 500 ಕಿಲೋಮೀಟರ್ ಬಡಗಣಕ್ಕೆ ಹಡಗಿನಲ್ಲೇ ಬರಬೇಕು. ಟೊಕೆಲಾವ್ ಎಂಬ ಹೆಸರಿನ ಅರ್ಥವೂ ಬಡಗಣ ಗಾಳಿ ಎಂದೇ.

ಬಂದರು ಇಲ್ಲದ್ದರಿಂದ ಹಡಗು ದಡ ಮುಟ್ಟುವುದಿಲ್ಲ. ಹವಳದ ದಿಬ್ಬದ ಆಚೆಗೇ ನಿಲ್ಲುತ್ತದೆ. ಜನ, ಅಕ್ಕಿ ಮೂಟೆ, ಪೆಟ್ಟಿಗೆ ಎಲ್ಲವೂ ದೋಣಿಗಿಳಿದು, ದಿಬ್ಬದಲ್ಲಿ ಕಡಿದ ಕಾಲುವೆಯೊಳಗೆ ಅಲೆಯ ಬೆನ್ನೇರಿ ನುಗ್ಗಬೇಕು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಫಕಾಓಫೊದ ದಡದಲ್ಲಿದ್ದೆ.

ಅತಾಫು, ನುಕುನೋನು, ಫಕಾಓಫೊ: ಮೂರು ಹವಳದ ಉಂಗುರಗಳು, ಅಷ್ಟೇ ಈ ನಾಡು. ಹಿಂದೊಂದು ಕಾಲಕ್ಕೆ ಇಲ್ಲಿದ್ದ ಬೆಂಕಿಬೆಟ್ಟಗಳು ನಿಧಾನವಾಗಿ ಕಡಲಿಗೆ ಕುಸಿದವು. ಅವುಗಳ ಅಂಚಿಗೆ ಅಂಟಿದ್ದ ಹವಳ ಬೆಳಕನ್ನು ಬಿಟ್ಟುಕೊಡದೆ ಮೇಲಮೇಲಕ್ಕೆ ಬೆಳೆಯಿತು. ಬೆಟ್ಟ ಮುಳುಗಿತು, ಅಂಚು ಉಳಿಯಿತು. ನಡುವೆ ನವಿಲುಬಣ್ಣದ ಲಗೂನ್. ಮೂರೂ ಸೇರಿದರೆ ನೆಲ ಸುಮಾರು 12 ಚದರ ಕಿಲೋಮೀಟರ್. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರಿನ ಆಸುಪಾಸು. ಹೊಳೆಯಿಲ್ಲ, ತೊರೆಯಿಲ್ಲ. ಸೂರಿನಿಂದ ಇಳಿವ ಮಳೆನೀರನ್ನು ತೊಟ್ಟಿಯಲ್ಲಿ ಕಾಪಿಟ್ಟು ಕುಡಿಯುತ್ತಾರೆ. ಆ ಹವಳದ ಪುಡಿಯಲ್ಲೂ ತೆಂಗು, ದೀಗುಜ್ಜೆ, ಕೇದಗೆ ಬೇರೂರಿವೆ.

ಇರುವವರು ಒಂದೂವರೆ ಸಾವಿರದಷ್ಟು ಮಂದಿ. ಆಳುವುದು ನ್ಯೂಜಿಲೆಂಡ್, ಆದರೆ ಊರ ಮಾತು ನಡೆಸುವುದು ತೌಪುಲೇಗ ಎಂಬ ಹಿರಿಯರ ಸಭೆ. ನನ್ನನ್ನು ಬೆರಗಾಗಿಸಿದ್ದು ಇನ್ನೊಂದು ಸಂಗತಿ: ಇಲ್ಲಿ ರಾಜಧಾನಿಯಿಲ್ಲ. ಪ್ರತಿ ದ್ವೀಪದ ಮುಖಂಡ, ಅಂದರೆ ಫೈಪುಲೆ, ಸರದಿಯಂತೆ ಒಂದೊಂದು ವರ್ಷ ಇಡೀ ನಾಡಿನ ‘ಉಲು’, ತಲೆಯಾಳು, ಆಗುತ್ತಾರೆ. ಸರಕಾರ ಅವರೊಡನೆ ಕಡಲು ದಾಟುತ್ತದೆ. ದೊಡ್ಡ ದೊಡ್ಡ ದೇಶಗಳಿಗೆ ಹೊಳೆಯದ ಈ ಉಪಾಯ ಎಷ್ಟು ಸೊಗಸಾಗಿದೆ!

ಸ್ವಯಮಾಡಳಿತ ಬೇಕೇ ಎಂದು ಇಲ್ಲಿ ಎರಡು ಬಾರಿ ಮತ ಹಾಕಿದ್ದಾರೆ. ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕಿತ್ತು. 2006ರಲ್ಲಿ ಸಿಗಲಿಲ್ಲ. 2007ರಲ್ಲಿ 692 ಮತಗಳಲ್ಲಿ 446 ಪರವಾಗಿ ಬಿದ್ದವು. ಕಡಿಮೆಯಾದದ್ದು ಬರೀ ಹದಿನಾರು. ಕೇಳಿ ನನಗೇ ಹೊಟ್ಟೆ ಕಿವುಚಿದಂತಾಯಿತು.

ಸಂಪತ್ತೆಂದರೆ ಕಡಲು. ಟ್ಯೂನಾ ಹಿಡಿಯಲು ಬರುವ ಪರದೇಶದ ಹಡಗುಗಳು ಕೊಡುವ ಪರವಾನಗಿ ಶುಲ್ಕ, ನ್ಯೂಜಿಲೆಂಡಿನ ನೆರವು, ಅಲ್ಲಿಗೆ ವಲಸೆ ಹೋದವರು ಕಳಿಸುವ ಹಣ. ಊರಲ್ಲಿರುವವರಿಗಿಂತ ಎಷ್ಟೋ ಪಟ್ಟು ಹೆಚ್ಚು ಟೊಕೆಲಾವ್‌ಜನ ನ್ಯೂಜಿಲೆಂಡಿನಲ್ಲಿದ್ದಾರೆ. ಹಿಂದೆಲ್ಲ ಪೀಪಾಯಿಗಳಲ್ಲಿ ಬರುವ ಡೀಸೆಲ್‌ನಿಂದ ದೀಪ ಉರಿಯುತ್ತಿತ್ತು. 2012ರಿಂದ ಮೂರೂ ದ್ವೀಪಗಳಿಗೆ ಮುಖ್ಯವಾಗಿ ಬಿಸಿಲೇ ವಿದ್ಯುತ್ತು ಕೊಡುತ್ತಿದೆ.

ಸಂಜೆ ದೋಣಿಗಳು ಮರಳಿದವು. ಹಿಡಿದ ಮೀನು ನೇರವಾಗಿ ಯಾರ ಮನೆಗೂ ಹೋಗಲಿಲ್ಲ. ಎಲ್ಲವನ್ನೂ ಒಂದೆಡೆ ಸುರಿದು, ತಲೆ ಎಣಿಸಿ, ಮನೆಮನೆಗೆ ರಾಶಿ ಹಾಕಿದರು. ‘ಇನಾತಿ’ ಎನ್ನುತ್ತಾರೆ ಇದಕ್ಕೆ. ಕಡಲಿಗೆ ಇಳಿಯಲಾರದ ಮುದುಕಿಗೂ, ಹಾಲುಗೂಸಿಗೂ ಪಾಲಿದೆ. ನಾನು ಉಳಿದಿದ್ದ ಮನೆಯ ಹುಡುಗಿ ತಮ್ಮ ರಾಶಿಯನ್ನು ಬುಟ್ಟಿಗೆ ತುಂಬಿಕೊಂಡು ಬಂದಳು. ತಾಯಿ ಎಣಿಸಿ ನೋಡಿದರು. ಎಂದಿನದಕ್ಕಿಂತ ಒಂದು ಮೀನು ಹೆಚ್ಚಿತ್ತು. ಹುಡುಗಿ ನಗುತ್ತ ನನ್ನ ಕಡೆ ಬೆರಳು ತೋರಿಸಿದಳು.