ಇದ್ದಂತೆ ತೋರುವ ಕಣ್ಣು

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಹೆಂಗಸು ಅದನ್ನು ಕೈಯಲ್ಲಿ ಹಿಡಿದು ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿ ನೋಡುತ್ತಾಳೆ. ನಾದ ಕಣಕಣನೆ ಬಂದರೆ ಮಡಕೆ ಚೆನ್ನಾಗಿ ಬೆಂದಿದೆ. ಒಡಕು ದನಿ ಬಂದರೆ ಎಲ್ಲಿಯೋ ಬಿರುಕು ಅಡಗಿದೆ. ಎತ್ತನ್ನು ಕೊಳ್ಳುವ ರೈತ ಅದರ ಬಾಯಿ ತೆರೆಸಿ ಹಲ್ಲು ನೋಡಿ ಪ್ರಾಯವನ್ನು ಅರಿಯುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲಿನ ಕಸುವನ್ನು ಅಳೆಯುತ್ತಾನೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸುವುದು, ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವುದು, ಇವು ಯಾವ ಪಾಠಶಾಲೆಯಲ್ಲಿಯೂ ಕಲಿಸಿದ ವಿದ್ಯೆಗಳಲ್ಲ. ದುಡಿದು ಗಳಿಸಿದ ಹಣ ಕೈಬಿಡುವ ಮೊದಲು ಜನ ತಾವಾಗಿಯೇ ಕಂಡುಕೊಂಡ ಪರೀಕ್ಷೆಗಳು ಇವು.

ಆದರೆ ಕಾಲ ಬದಲಾದಂತೆ ತಟ್ಟಿ ನೋಡಲಾಗದ ವಸ್ತುಗಳು ಮನೆಯೊಳಕ್ಕೆ ಬಂದಿವೆ. ಅಂಥವುಗಳಲ್ಲಿ ಮೊಬೈಲ್ ಫೋನು ಮುಖ್ಯವಾದುದು. ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಫೋನುಗಳೆಲ್ಲವೂ ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತವೆ. ಒಂದರ ಬೆಲೆ 10,000 ರೂಪಾಯಿ. ಮತ್ತೊಂದರ ಬೆಲೆ ಅದರ ಹತ್ತು ಪಟ್ಟು. ಪೆಟ್ಟಿಗೆಯ ಮೇಲೆ ಅಂಕಿಗಳ ಮೆರವಣಿಗೆಯೇ ಇರುತ್ತದೆ. ಕೊಳ್ಳಲು ಬಂದವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: “ಇದರಲ್ಲಿ ಫೋಟೋ ಚೆನ್ನಾಗಿ ಬರುತ್ತದೆಯೇ?” ಪ್ರಶ್ನೆ ಸರಳವಾದುದು. ಆದರೆ “ಚೆನ್ನಾಗಿ” ಎಂಬ ಮಾತಿನ ಅರ್ಥವೇನೆಂದು ನಿಂತು ಯೋಚಿಸಿದವರು ವಿರಳ.

ಕ್ಯಾಮೆರಾ ಎಂಬುದು ಮೂಲದಲ್ಲಿ ಬಹಳ ಸರಳವಾದ ಸಂಗತಿ. ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಅದನ್ನು ಕಣ್ಣಾರೆ ಕಾಣಬಹುದು. ಗರ್ಭಗುಡಿಯ ಹಿಂಬದಿಯಲ್ಲಿ ಒಂದು ಕತ್ತಲೆಯ ಕೋಣೆ ಇದೆ. ಅದರ ಗೋಡೆಯಲ್ಲಿ ಒಂದು ಕಿರುಗಿಂಡಿ. ಆ ಕಿಂಡಿಯ ಮೂಲಕ ಒಳಹೊಕ್ಕ ಬೆಳಕು, ಪೂರ್ವದಲ್ಲಿ ಎದ್ದುನಿಂತ ಮಹಾಗೋಪುರದ ಬಿಂಬವನ್ನು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಗೋಪುರದ ಶಿಖರದಿಂದ ಬಂದ ಕಿರಣ ಕಿಂಡಿಯನ್ನು ದಾಟಿ ಕೆಳಕ್ಕಿಳಿಯುತ್ತದೆ. ಬುಡದಿಂದ ಬಂದ ಕಿರಣ ಮೇಲಕ್ಕೇರುತ್ತದೆ. ಒಂದು ಕತ್ತಲೆಯ ಕೋಣೆ, ಒಂದು ಕಿಂಡಿ, ಬೆಳಕು ಬೀಳುವುದಕ್ಕೆ ಒಂದು ಗೋಡೆ: ಇಷ್ಟೇ ಕ್ಯಾಮೆರಾ. ಇಂದಿನ ಫೋನಿನಲ್ಲಿ ಕೋಣೆ ಉಗುರಿನಷ್ಟಾಗಿದೆ, ಕಿಂಡಿಗೆ ಮಸೂರ ಕೂಡಿಕೊಂಡಿದೆ, ಗೋಡೆಯ ಸ್ಥಾನದಲ್ಲಿ ಸಂವೇದಕ ಎಂಬ ಸಿಲಿಕಾನ್ ಹಲಗೆ ಕುಳಿತಿದೆ.

ಗೋಡೆಯ ಮೇಲಿನ ಬಿಂಬ ಬೆಳಕಿನೊಡನೆ ಮಾಯವಾಗುತ್ತದೆ. ಅದನ್ನು ಹಿಡಿದಿಡುವುದು ಮನುಷ್ಯನಿಗೆ ಸಾಧ್ಯವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದೇ ಹಂಪಿಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ದೊಡ್ಡ ಕಾಗದಗಳ ಮೇಲೆ ಅಲ್ಲಿನ ಗುಡಿಗಳ ಚಿತ್ರಗಳನ್ನು ತೆಗೆದನು. ಕಾಗದವಾಯಿತು, ಗಾಜಾಯಿತು, ಫಿಲ್ಮಿನ ಸುರುಳಿಯಾಯಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಬೆಳಕನ್ನು ವಿದ್ಯುತ್ತಾಗಿ ಗ್ರಹಿಸುವ ಹೊಸದೊಂದು ಸಾಧನವನ್ನು ರೂಪಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಅಂಥ ಸಾಧನವನ್ನು ಬಳಸಿ ಫಿಲ್ಮಿಲ್ಲದ ಕ್ಯಾಮೆರಾವೊಂದನ್ನು ಕಟ್ಟಿದನು. ಅದರ ಚಿತ್ರದಲ್ಲಿ ಇದ್ದ ಚುಕ್ಕಿಗಳು ಕೇವಲ 10,000. ಅದನ್ನು ಕ್ಯಾಸೆಟ್ಟಿನ ಮೇಲೆ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು. 2000ದಲ್ಲಿ ಜಪಾನಿನಲ್ಲಿ ಬಂದ ಕ್ಯಾಮೆರಾ ಫೋನಿನಲ್ಲಿ ಚುಕ್ಕಿಗಳು 1,10,000 ಆದವು. ಇಂದು ಸಾಧಾರಣ ಬೆಲೆಯ ಫೋನಿನಲ್ಲಿಯೂ 5 ಕೋಟಿ ಚುಕ್ಕಿಗಳಿರುತ್ತವೆ. ಹತ್ತು ಲಕ್ಷ ಚುಕ್ಕಿಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಹೆಸರು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಅಂಕಿ ಇದೇ.

ಈ ಅಂಕಿ ದೊಡ್ಡದಾದಷ್ಟೂ ಚಿತ್ರ ಉತ್ತಮ ಎಂಬ ನಂಬಿಕೆ ಬಹುಮಂದಿಯಲ್ಲಿದೆ. ಒಂದು ಉಪಮಾನದಿಂದ ಇದನ್ನು ಪರೀಕ್ಷಿಸಬಹುದು. ಅಂಗಳದಲ್ಲಿ ಮಳೆನೀರು ಹಿಡಿಯಲು ಪಾತ್ರೆಗಳನ್ನು ಇಟ್ಟಿದ್ದಾರೆ ಎಂದುಕೊಳ್ಳೋಣ. ಅಂಗಳ ಅಷ್ಟೇ ಇರುವಾಗ ಹತ್ತು ಕೊಳಗಗಳನ್ನು ತೆಗೆದು ನೂರು ಲೋಟಗಳನ್ನು ಇಟ್ಟರೆ ಪಾತ್ರೆಗಳ ಸಂಖ್ಯೆ ಹೆಚ್ಚಿತೇ ಹೊರತು ನೀರು ಹೆಚ್ಚಲಿಲ್ಲ. ಜಡಿಮಳೆಯಲ್ಲಿ ಲೋಟವೂ ತುಂಬುತ್ತದೆ. ತುಂತುರುಮಳೆಯಲ್ಲಿ ಲೋಟದ ತಳ ಒದ್ದೆಯಾದರೆ ಹೆಚ್ಚು. ಬೆಳಕೂ ಹಾಗೆಯೇ. ನಡುಹಗಲಿನಲ್ಲಿ ಎಲ್ಲ ಫೋನುಗಳೂ ಜಾಣರೇ. ಸಂಜೆಯ ಮಬ್ಬಿನಲ್ಲಿ, ಒಂದೇ ದೀಪವಿರುವ ಕೋಣೆಯಲ್ಲಿ ಅವುಗಳ ಯೋಗ್ಯತೆ ತಿಳಿಯುತ್ತದೆ.

ತಯಾರಕರಿಗೆ ಈ ಸಂಗತಿ ಗೊತ್ತಿಲ್ಲದೆ ಇಲ್ಲ. ಆದುದರಿಂದಲೇ 50 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕಿಗಳನ್ನು ಒಂದುಗೂಡಿಸಿ ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಕೊಡುತ್ತದೆ. 108 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಒಂಬತ್ತನ್ನು ಒಂದುಗೂಡಿಸಿ 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಕೊಡುತ್ತದೆ. ಪೆಟ್ಟಿಗೆಯ ಮೇಲೆ ಅಜಗಜಾಂತರ. ಚಿತ್ರದಲ್ಲಿ ಹೆಚ್ಚುಕಡಿಮೆ ಸಮ! ಆಲ್ಬಮ್ಮಿಗೆ ಅಂಟಿಸುವ ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಅಚ್ಚುಕಟ್ಟಾದ ಪ್ರತಿಗೆ ಬೇಕಾಗುವುದು ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು, ಅಷ್ಟೇ. ವಾಟ್ಸ್‌ಆಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವಂತೂ ದಾರಿಯಲ್ಲಿಯೇ ಕುಗ್ಗಿ ಹೋಗುತ್ತದೆ.

ಹಾಗಾದರೆ ನೋಡಬೇಕಾದುದು ಏನನ್ನು? ಮೊದಲನೆಯದು ಅಂಗಳದ ವಿಸ್ತಾರ, ಎಂದರೆ ಸಂವೇದಕದ ಗಾತ್ರ. ಅದನ್ನು 1/2, 1/2.8 ಎಂಬಂತೆ ಭಿನ್ನರಾಶಿಯಲ್ಲಿ ಬರೆಯುತ್ತಾರೆ. ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಸಂವೇದಕ ದೊಡ್ಡದು. ಎರಡನೆಯದು ಕಿಂಡಿಯ ಅಗಲ. ಎಫ್/1.8, ಎಫ್/2.2 ಎಂಬ ಬರಹದಲ್ಲಿಯೂ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ. ಮೂರನೆಯದು ಕೈನಡುಕವನ್ನು ಸರಿದೂಗಿಸಲು ಮಸೂರವನ್ನು ಅಲುಗಿಸುವ ವ್ಯವಸ್ಥೆ ಇದೆಯೇ ಎಂಬುದು. ಇನ್ನು ಫೋನಿನ ಬೆನ್ನಿನ ಮೇಲಿನ ಕಣ್ಣುಗಳ ಎಣಿಕೆಗೆ ಮರುಳಾಗಬೇಕಾದುದಿಲ್ಲ. ಅಗ್ಗದ ಫೋನುಗಳಲ್ಲಿ ಎರಡನೆಯ, ಮೂರನೆಯ ಕಣ್ಣು ಅನೇಕ ವೇಳೆ ಎರಡು ಮೆಗಾಪಿಕ್ಸೆಲ್ಲಿನದಾಗಿದ್ದು, ಉಪಯೋಗಕ್ಕಿಂತ ಅಲಂಕಾರಕ್ಕೇ ಹೆಚ್ಚು ಸಲ್ಲುತ್ತದೆ.

ಇಷ್ಟನ್ನು ತಿಳಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಚಿತ್ರ ಯಾವುದಕ್ಕಾಗಿ? ಹಂಪಿಗೆ ಬಹಳ ದೂರವಲ್ಲದ ಇಳಕಲ್ಲು, ಬಾಗಲಕೋಟೆ ಜಿಲ್ಲೆಯ ಊರು, ಸೀರೆಗೆ ಹೆಸರಾದುದು. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿಹಾಕಿ ಜೋಡಿಸುವುದು ಅಲ್ಲಿನ ನೇಯ್ಗೆಯ ವೈಶಿಷ್ಟ್ಯ. ದಾಳಿಂಬೆಯ ಕೆಂಪು, ನವಿಲಿನ ಹಸಿರು ಮುಂತಾದ ಬಣ್ಣಗಳಿಂದಲೇ ಆ ಸೀರೆಯನ್ನು ಗುರುತಿಸುವವರಿದ್ದಾರೆ. ಅಲ್ಲಿನ ಒಂದು ನೇಕಾರ ಕುಟುಂಬವನ್ನು ಊಹಿಸಿಕೊಳ್ಳೋಣ. ತಾಯಿ, ತಂದೆ ನೇಯುತ್ತಾರೆ; ಮಗಳು ಸೀರೆಗಳ ಚಿತ್ರ ತೆಗೆದು ಬೆಂಗಳೂರು, ಪುಣೆಗಳ ಗಿರಾಕಿಗಳಿಗೆ ಫೋನಿನ ಮೂಲಕ ಕಳುಹಿಸುತ್ತಾಳೆ. ಒಮ್ಮೆ ಒಂದು ಸೀರೆ ಮರಳಿ ಬಂದಿತು. ಹಳೆಯ ಫೋನು ದಾಳಿಂಬೆಯ ಕೆಂಪನ್ನು ಕಿತ್ತಳೆಯ ಕೆಂಪಾಗಿ ತೋರಿಸಿತ್ತು. ಚಿತ್ರದಲ್ಲಿ ಕಂಡ ಬಣ್ಣ ಇದಲ್ಲವೆಂದು ಗಿರಾಕಿ ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಹಲವು ದಿನಗಳ ದುಡಿಮೆ ಪೊಟ್ಟಣದಲ್ಲಿ ಹಿಂದಿರುಗಿತು. ಅಂಚೆಯ ಖರ್ಚು ಹೋದುದಕ್ಕಿಂತ ನಂಬಿಕೆ ಹೋದುದು ಮನೆಯವರನ್ನು ಹೆಚ್ಚು ನೋಯಿಸಿತು.

ನೂಲು ಕೊಳ್ಳಲೆಂದು ಕೂಡಿಟ್ಟ ಹಣದಿಂದ 15,000 ರೂಪಾಯಿ ತೆಗೆದುಕೊಂಡು ತಾಯಿಮಗಳು ಅಂಗಡಿಗೆ ಹೋದರು. ತಾಯಿಯ ಚೀಲದಲ್ಲಿ ಒಂದು ಹೊಸ ಸೀರೆ ಇತ್ತು. ಅಂಗಡಿಯವನು ಮಿರುಗುವ ಫೋನೊಂದನ್ನು ಮುಂದಿಟ್ಟನು.

“ಇದನ್ನ ತಗೋರಿ ಅಕ್ಕಾರ. ನೂರಾ ಎಂಟು ಮೆಗಾಪಿಕ್ಸೆಲ್ ಐತಿ, ಹಿಂದ ಮೂರು ಕ್ಯಾಮೆರಾ ಅದಾವ. ಫೋಟೋ ಭಾಳ ಚಂದ ಬರ್ತಾವ.”

“ಭಾಳ ಚಂದ ಬರೂದು ಬ್ಯಾಡ್ರಿ ಅಣ್ಣಾರ. ಸೀರಿ ಹೆಂಗೈತಿ ಹಂಗ ಬಂದ್ರ ಸಾಕು,” ಎಂದಳು ತಾಯಿ.

ಮಗಳು ಸೀರೆಯ ಸೆರಗನ್ನು ಅಂಗಡಿಯ ಬಾಗಿಲಿನ ನೆರಳಿನಲ್ಲಿ ಹಿಡಿದು, ಒಂದೇ ಬೆಲೆಯ ಆಸುಪಾಸಿನ ಎರಡು ಫೋನುಗಳಿಂದ ಚಿತ್ರ ತೆಗೆದಳು. ಮತ್ತೆ ಒಳಗೆ ಕೊಳವೆದೀಪದ ಕೆಳಗೆ ತೆಗೆದಳು. ಹತ್ತಿರದಿಂದ ತೆಗೆದು, ಬೆರಳಿನಿಂದ ಹಿಗ್ಗಿಸಿ, ಕೊಂಡಿಯ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ಎಂದು ನೋಡಿದಳು. ಕೆಲವು ಫೋನುಗಳ ಪರದೆಯೇ ಬಣ್ಣಗಳಿಗೆ ಮೆರುಗು ಕೊಟ್ಟು ತೋರಿಸುವುದುಂಟು. ಆದುದರಿಂದ ಎರಡರ ಚಿತ್ರಗಳನ್ನೂ ಅಂಗಡಿಯವನ ಫೋನಿಗೆ ಕಳುಹಿಸಿ, ಒಂದೇ ಪರದೆಯ ಮೇಲೆ ಸೀರೆಯ ಪಕ್ಕದಲ್ಲಿಟ್ಟು ಹೋಲಿಸಿದಳು. ಮೊದಲನೆಯ ಫೋನಿನ ಕೆಂಪು ಕಣ್ಣು ಕುಕ್ಕುವಂತಿತ್ತು. 50 ಮೆಗಾಪಿಕ್ಸೆಲ್ಲಿನ ಎರಡನೆಯ ಫೋನಿನ ಚಿತ್ರ ಕೊಂಚ ಸಪ್ಪೆಯಾಗಿ ತೋರಿತು. ಆದರೆ ಅದರ ಕೆಂಪು ದಾಳಿಂಬೆಯದೇ ಆಗಿತ್ತು. ತಾಯಿ ಅದರ ಕಡೆಗೆ ಬೆರಳು ತೋರಿದಳು. ಬಣ್ಣದ ನಡುವೆ ಬದುಕಿದ ಆ ಕಣ್ಣಿಗೆ ಅಂಕಿಗಳ ಸಾಕ್ಷ್ಯ ಬೇಕಾಗಿರಲಿಲ್ಲ.

ಅಂಗಡಿಯವನು ಅಷ್ಟಕ್ಕೇ ಬಿಡಲಿಲ್ಲ. 28,000 ರೂಪಾಯಿಯ ಮತ್ತೊಂದನ್ನು ತೋರಿಸಿ, ಬಡ್ಡಿಯಿಲ್ಲದ ಕಂತುಗಳಲ್ಲಿ ಕೊಡಬಹುದೆಂದನು. ಕಂತಿನ ಮಾತು ಕೇಳುವುದಕ್ಕೆ ಹಗುರ. ಆದರೆ ಬಡ್ಡಿ ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ. ತಪ್ಪಿಹೋದ ರಿಯಾಯಿತಿಯಲ್ಲಿ, ನಿರ್ವಹಣಾ ಶುಲ್ಕದಲ್ಲಿ ಅದು ಅಡಗಿರಬಹುದು. ಶೂನ್ಯ ಬಡ್ಡಿ ಎಂಬ ಕಲ್ಪನೆಗೆ ಅಸ್ತಿತ್ವವೇ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ತಾಯಿ ಇದನ್ನೆಲ್ಲ ಓದಿದವಳಲ್ಲ. ಮಗ್ಗ ನಿಂತ ತಿಂಗಳಿನಲ್ಲಿಯೂ ಕಂತು ನಿಲ್ಲುವುದಿಲ್ಲ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಕೊನೆಗೆ ಎರಡು ಪ್ರಶ್ನೆ ಕೇಳಿದಳು. ಈ ಫೋನಿನ ತಂತ್ರಾಂಶಕ್ಕೆ ತಯಾರಕರು ಎಷ್ಟು ವರ್ಷ ಸುರಕ್ಷತೆಯ ಪರಿಷ್ಕರಣೆ ಕೊಡುತ್ತಾರೆ? ಕೆಟ್ಟರೆ ದುರಸ್ತಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ? ಎರಡಕ್ಕೂ ಸಮಾಧಾನಕರವಾದ ಉತ್ತರ ದೊರೆತ ಮೇಲೆಯೇ ಹಣ ಎಣಿಸಿದ್ದಾಯಿತು. ಇಂಥ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ಬಳಸಿದ ಫೋನನ್ನು ಕೊಳ್ಳುವವರು ಇನ್ನೊಂದು ಎಚ್ಚರವನ್ನು ವಹಿಸಬೇಕು. *#06# ಎಂದು ಒತ್ತಿದರೆ ಕಾಣುವ ಗುರುತಿನ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಪರಿಶೀಲಿಸಿದರೆ, ಆ ಫೋನು ಕಳವಾಯಿತೆಂದು ತಡೆಹಿಡಿದುದೇ ಎಂಬುದು ತಿಳಿದುಬರುತ್ತದೆ.

ಆ ತಾಯಿಯ ಮಾತಿನಲ್ಲಿ ಸೀರೆಗೆ ಮಾತ್ರವಲ್ಲದೆ ಮನುಷ್ಯರಿಗೂ ಅನ್ವಯಿಸುವ ವಿವೇಕವಿದೆ. ಮುಖವನ್ನು ತಾನಾಗಿಯೇ ಬೆಳ್ಳಗೆ ಮಾಡುವ, ಚರ್ಮವನ್ನು ನುಣುಪುಗೊಳಿಸುವ ಚಾತುರ್ಯ ಇಂದು ಅನೇಕ ಫೋನುಗಳಲ್ಲಿ ಇರುತ್ತದೆ. ನೇಗಿಲು ಹಿಡಿದು ಕಪ್ಪಾದ ಮುಖ ಅಲ್ಲಿ ಸುಣ್ಣ ಬಳಿದಂತಾಗುತ್ತದೆ. ತನ್ನ ಮುಖದಲ್ಲಿ ತಿದ್ದಬೇಕಾದುದು ಏನೋ ಇದೆ ಎಂಬ ಹುಸಿ ನಾಚಿಕೆಯನ್ನು ಆ ಚಿತ್ರ ಎಳೆಯ ಮನಸ್ಸಿನಲ್ಲಿ ಬಿತ್ತುತ್ತದೆ. ಫೋನು ಕೊಂಡ ದಿನವೇ ಆ ಗುಂಡಿಯನ್ನು ಹುಡುಕಿ ಆರಿಸುವುದು ಒಳ್ಳೆಯದು. ಅದಕ್ಕೆ ಹಣವೇನೂ ಬೇಡ.

ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಭಾರತದ ಹೆಸರಾಂತ ಛಾಯಾಚಿತ್ರಕಾರರಲ್ಲಿ ಒಬ್ಬರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದವರು. ದುಡಿಯುವ ಜನರನ್ನೂ ಮಕ್ಕಳನ್ನೂ ಅವರು ಅಕ್ಕರೆಯಿಂದ ಚಿತ್ರಿಸಿದರು. ಅವರ ಕಾಲದ ಫಿಲ್ಮಿನ ಒಂದು ಸುರುಳಿಯಲ್ಲಿ ಹೆಚ್ಚೆಂದರೆ 36 ಚಿತ್ರಗಳು. ಒತ್ತುವ ಮೊದಲು ನೋಡಬೇಕಾಗಿತ್ತು, ಕಾಯಬೇಕಾಗಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಅರಿಯಬೇಕಾಗಿತ್ತು. ಆ ಅಭ್ಯಾಸವಿದ್ದವರ ಕೈಯಲ್ಲಿ ಸಾಧಾರಣ ಫೋನೂ ಒಳ್ಳೆಯ ಚಿತ್ರವನ್ನು ಕೊಡುತ್ತದೆ. ಮಸೂರದ ಮೇಲಿನ ಬೆವರಿನ ಜಿಡ್ಡನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕುಳಿತವರನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿಸಬೇಕು. ಕೈಯನ್ನು ಗೋಡೆಗೆ ಆನಿಸಿ ಉಸಿರು ಬಿಗಿಹಿಡಿದು ಗುಂಡಿ ಒತ್ತಬೇಕು. ಹೀಗೆ ತೆಗೆದ ಚಿತ್ರದಲ್ಲಿ ಮನೆಯ ಅಜ್ಜಿಯ ಹಣೆಯ ಗೆರೆಗಳು ಒಂದೂ ಅಳಿಯದೆ ಉಳಿಯುತ್ತವೆ. ಮುಂದೊಂದು ದಿನ ಆ ಚಿತ್ರವನ್ನು ಕೈಗೆತ್ತಿಕೊಳ್ಳುವ ಮೊಮ್ಮಕ್ಕಳು ಹುಡುಕುವುದು ಆ ಗೆರೆಗಳನ್ನೇ.