ಹನ್ನೆರಡು ಡಾಲರಿನ ಗುಡ್ಡಗಳು

ರಾಜ್ಯಶಾಸ್ತ್ರ ಬೋಧಿಸುವವನು ಮಸೂದೆಯೊಂದನ್ನು ಕಣ್ಣಾರೆ ಕಂಡಿರಲೇಬೇಕೆಂಬ ನಿಯಮವೇನೂ ನಮ್ಮಲ್ಲಿಲ್ಲ. ಮೊದಲನೆಯ ವಾಚನ, ಎರಡನೆಯ ವಾಚನ, ಸಮಿತಿಯ ಹಂತ, ಮೂರನೆಯ ವಾಚನ, ಅಂಕಿತ – ಇಷ್ಟನ್ನು ಕರಿಹಲಗೆಯ ಮೇಲೆ ಬರೆದು, ನಡುನಡುವೆ ಬಾಣದ ಗುರುತು ಹಾಕಿ, ‘ಇದು ಪರೀಕ್ಷೆಗೆ ಬರುವ ಪ್ರಶ್ನೆ’ ಎಂದು ಎಚ್ಚರಿಸಿ ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡರೆ ಆ ಗಂಟೆಯ ಪಾಠ ಮುಗಿಯಿತು. ವಿದ್ಯಾರ್ಥಿಗಳಿಗೂ ಸಂತೋಷ, ಅಧ್ಯಾಪಕನಿಗೂ ಸಂತೋಷ. ಆ ಬಾಣಗಳ ಮೇಲೆ ಯಾರಾದರೂ ದಿನವೂ ಕಣ್ಣಿಟ್ಟು ಕುಳಿತಿರುತ್ತಾರೆಯೆ, ಕುಳಿತರೆ ಯಾತಕ್ಕಾಗಿ, ಎಂದು ಯಾರೂ ಕೇಳುವುದಿಲ್ಲ.

೨೦೧೮ರ ಸೆಪ್ಟೆಂಬರಿನಲ್ಲಿ ಅಕ್ಕನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಅವಳಿರುವುದು ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಎಂಬ ಊರಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ, ಬರ್ಕ್ಲಿಗೆ ಉತ್ತರಕ್ಕೆ. ಭಾವ ಇಂಜಿನಿಯರಾಗಿ ನಿವೃತ್ತರಾದವರು. ಮನೆಯಲ್ಲಿ ಕೈಗೊಂದು ಆಳಿರಲಿ ಎಂದು ನಾನು ರಜೆ ಹಾಕಿ ನವೆಂಬರಿನವರೆಗೆ ಅಲ್ಲಿದ್ದೆ. ಅಡಿಗೆಯ ಕೆಲಸ ಮುಗಿದ ಮೇಲೆ ನನಗೆ ಬೇಕಾದಷ್ಟು ಹೊತ್ತು ಉಳಿಯುತ್ತಿತ್ತು. ಊರಿನ ಬೆನ್ನಿಗೇ ಗುಡ್ಡಗಳ ಸಾಲು. ವೈಲ್ಡ್‌ಕ್ಯಾಟ್ ಕಣಿವೆ, ಅದಕ್ಕೆ ಅಂಟಿಕೊಂಡು ಟಿಲ್ಡನ್ ಉದ್ಯಾನ. ಉದ್ಯಾನವೆಂದರೆ ನಮ್ಮ ಕಣ್ಣ ಮುಂದೆ ಬರುವ ಹೂವಿನ ಪಾತಿಯೂ ಕಾರಂಜಿಯೂ ಅಲ್ಲ. ಮೈಲಿಗಟ್ಟಲೆ ಒಣಹುಲ್ಲಿನ ಬೋರೆ, ಓಕ್ ಮರಗಳ ಕಣಿವೆ, ಅಲ್ಲಲ್ಲಿ ನಮ್ಮ ಕಡೆಯಂತೆಯೇ ವಾಸನೆ ಹೊಡೆಯುವ ನೀಲಗಿರಿ ತೋಪು. ಬೆಟ್ಟದ ನೆತ್ತಿಯಲ್ಲಿ ನಿಂತರೆ ಪಶ್ಚಿಮಕ್ಕೆ ಕೊಲ್ಲಿ, ಅದರಾಚೆ ಗೋಲ್ಡನ್ ಗೇಟ್ ಸೇತುವೆ. ಇಂಥ ನೆಲ, ಚದರಡಿಗೆ ಬೆಲೆ ಕಟ್ಟುವ ಆ ಊರುಗಳ ನಡುವೆ, ಮನೆಗಳಾಗದೆ ಹೇಗೆ ಉಳಿಯಿತು? ಈ ಪ್ರಶ್ನೆಯ ಹಿಂದೆ ಹೊರಟವನು ಒಂದು ಸಮಿತಿಯ ಕೋಣೆಗೆ ಹೋಗಿ ತಲುಪಿದೆ.

ಈ ಗುಡ್ಡಗಳ ಒಡೆತನ ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಜಿಲ್ಲೆಯದು. ಜಿಲ್ಲೆಯೆಂದೊಡನೆ ಡೆಪ್ಯುಟಿ ಕಮೀಷನರನ್ನೂ ಖಜಾನೆಯನ್ನೂ ನೆನೆಯಬಾರದು. ಅಲ್ಲಿ ಒಂದೇ ಕೆಲಸಕ್ಕಾಗಿ ಹುಟ್ಟಿದ ‘ವಿಶೇಷ ಜಿಲ್ಲೆ’ಗಳುಂಟು: ನೀರಿಗೊಂದು, ಬೆಂಕಿ ಆರಿಸುವುದಕ್ಕೊಂದು, ಸೊಳ್ಳೆ ಹೊಡೆಯುವುದಕ್ಕೂ ಒಂದು. ಇದು ಉದ್ಯಾನಕ್ಕೆ. ಅಲಮೀಡಾ, ಕಾಂಟ್ರಾ ಕಾಸ್ಟಾ ಎಂಬ ಎರಡು ಕೌಂಟಿಗಳ ಜನ ಏಳು ಮಂದಿ ನಿರ್ದೇಶಕರನ್ನು ಚುನಾಯಿಸುತ್ತಾರೆ. ಆ ಏಳು ಮಂದಿಗೆ ತೆರಿಗೆಯ ಒಂದು ಪಾಲು, ಒಂದು ಲಕ್ಷದ ಇಪ್ಪತ್ತು ಸಾವಿರ ಎಕರೆಗೂ ಮೀರಿದ ನೆಲ, ಅದರ ಚಿಂತೆ.

ಹುಟ್ಟಿದ್ದೇ ಒಂದು ಮಸೂದೆಯಿಂದ. ೧೯೩೦ರ ಹೊತ್ತಿಗೆ ಅಲ್ಲಿಯ ನೀರು ಸರಬರಾಜು ಸಂಸ್ಥೆಯ ಬಳಿ, ದೂರದ ಪರ್ವತಗಳಿಂದ ನೀರು ಬಂದುದರಿಂದಾಗಿ, ಬೇಡವಾದ ಜಲಾನಯನ ಭೂಮಿ ಸಾವಿರಾರು ಎಕರೆ ಉಳಿದಿತ್ತು. ಅದನ್ನು ಮಾರುತ್ತಾರೆಂಬ ಸುದ್ದಿ ಕೇಳಿ ಊರಿನವರು ಎದ್ದರು. ಹಲವು ಊರು ಸೇರಿ ಉದ್ಯಾನ ಜಿಲ್ಲೆ ಕಟ್ಟಲು ಕಾನೂನಿನಲ್ಲಿ ದಾರಿ ಬೇಕಿತ್ತು. ೧೯೩೩ರಲ್ಲಿ ರಾಜ್ಯದ ಶಾಸನಸಭೆ ಆ ದಾರಿ ಮಾಡಿತು. ೧೯೩೪ರ ನವೆಂಬರಿನಲ್ಲಿ ಏಳು ಊರುಗಳ ಮತದಾರರ ಮುಂದೆ ಪ್ರಶ್ನೆ ಬಂತು: ನೂರು ಡಾಲರ್ ಆಸ್ತಿಗೆ ಐದು ಸೆಂಟ್ ತೆರಿಗೆ ಕೊಡುತ್ತೀರಾ? ಅದು ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಕಳೆದುಕೊಂಡವರು ಬೀದಿಬೀದಿಯಲ್ಲಿ. ಆದರೂ ಶೇಕಡ ೭೧ರಷ್ಟು ಜನ ಹೂಂ ಎಂದರು. ೧೯೩೬ರಲ್ಲಿ ಮೊದಲ ಮೂರು ಉದ್ಯಾನಗಳು ತೆರೆದವು. ನಾನು ತಿರುಗಾಡುತ್ತಿದ್ದ ಟಿಲ್ಡನ್ ಅವುಗಳಲ್ಲೊಂದು.

ಇನ್ನು ಆ ಸಮಿತಿ. ಜಿಲ್ಲೆಯ ನಿರ್ದೇಶಕರಲ್ಲಿ ಕೆಲವರು ಸೇರಿದ ಒಂದು ಶಾಸನ ಸಮಿತಿಯುಂಟು. ಶಾಸನ ಮಾಡುವ ಸಮಿತಿಯಲ್ಲ, ಶಾಸನವನ್ನು ಕಾಯುವ ಸಮಿತಿ. ಕ್ಯಾಲಿಫೋರ್ನಿಯಾದಲ್ಲಿ ೧೯೫೩ರಿಂದ ಬ್ರೌನ್ ಕಾನೂನೆಂಬುದಿದೆ: ಇಂಥ ಸಂಸ್ಥೆಗಳ ಸಭೆ ಬಾಗಿಲು ತೆರೆದೇ ನಡೆಯಬೇಕು, ನಿಯತ ಸಭೆಯ ಕಾರ್ಯಸೂಚಿ ೭೨ ಗಂಟೆ ಮೊದಲೇ ಹೊರಗೆ ಅಂಟಿಸಬೇಕು, ಬಂದವರು ಮಾತಾಡಬಹುದು. ಹಾಗಾಗಿ ಪರದೇಶದ ಮೇಷ್ಟರೊಬ್ಬನು ಓಕ್ಲೆಂಡಿನ ಆ ಕಛೇರಿಗೆ ಹೋಗಿ ಕುಳಿತರೆ ಯಾರೂ ಏನೂ ಕೇಳಲಿಲ್ಲ. ಪ್ರೇಕ್ಷಕರ ಕುರ್ಚಿಗಳಲ್ಲಿ ನನ್ನೊಬ್ಬನನ್ನು ಬಿಟ್ಟರೆ ಇನ್ನೊಬ್ಬರು ವೃದ್ಧೆ ಇದ್ದರು. ಅವರು ಹೆಣೆಯುವ ಉಣ್ಣೆ ತಂದಿದ್ದರು.

ನಡೆದದ್ದು ಬಹಳ ಸಪ್ಪೆಯಾದ ಕೆಲಸ. ಸಿಬ್ಬಂದಿಯವರು ಮಸೂದೆಗಳ ಪಟ್ಟಿ ಓದುತ್ತಾರೆ: ಸಂಖ್ಯೆ, ತಂದವರ ಹೆಸರು, ತಾತ್ಪರ್ಯ, ಈಗ ಎಲ್ಲಿದೆ. ಪ್ರತಿಯೊಂದಕ್ಕೂ ಒಂದು ನಿಲುವು – ಬೆಂಬಲ, ವಿರೋಧ, ಇಲ್ಲವೆ ‘ಕಾದು ನೋಡು’. ನಿಲುವಾದ ಮೇಲೆ ಸ್ಯಾಕ್ರಮೆಂಟೊಗೆ ಪತ್ರ ಹೋಗುತ್ತದೆ. ಅಲ್ಲಿ ೮೦ ಮಂದಿಯ ಒಂದು ಸಭೆ, ೪೦ ಮಂದಿಯ ಇನ್ನೊಂದು. ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಸೂದೆಗಳು. ಉದ್ಯಾನವೆಂಬ ಹೆಸರಿರುವುದನ್ನು ಮಾತ್ರ ನೋಡಿದರೆ ಸಾಲದು. ಕಾಳ್ಗಿಚ್ಚಿನ ಮಸೂದೆ, ವಸತಿಯ ಮಸೂದೆ, ನೌಕರರ ಪಿಂಚಣಿಯ ಮಸೂದೆ, ಇವೆಲ್ಲ ಹೇಗೋ ಬಂದು ಈ ಗುಡ್ಡವನ್ನು ಮುಟ್ಟುತ್ತವೆ. ಸೆಪ್ಟೆಂಬರಾದ್ದರಿಂದ ಎರಡೂ ಸಭೆಗಳ ಕೆಲಸ ಮುಗಿದಿತ್ತು. ಅಂಕಿತ ಹಾಕುವುದಕ್ಕೋ ಹಿಂದಿರುಗಿಸುವುದಕ್ಕೋ ಗವರ್ನರಿಗೆ ೩೦ನೆಯ ತಾರೀಖಿನವರೆಗೆ ಅವಕಾಶ. ಎಲ್ಲರ ಕಣ್ಣೂ ಆ ತಾರೀಖಿನ ಮೇಲೆ.

ನನ್ನ ಕರಿಹಲಗೆಯ ಬಾಣಗಳಲ್ಲಿ ಇರದಿದ್ದ ಒಂದು ಮನೆಯ ವಿಚಾರ ಅಲ್ಲಿ ಸಿಕ್ಕಿತು; ಅದಕ್ಕೆ ‘ಸಸ್ಪೆನ್ಸ್ ಫೈಲ್’ ಎಂದು ಹೆಸರು. ಕೆಳಮನೆಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಡಾಲರಿಗಿಂತ ಹೆಚ್ಚು ಖರ್ಚು ತರುವ ಮಸೂದೆಯೆಲ್ಲ ಹಣಕಾಸಿನ ಸಮಿತಿಯ ಈ ಕಡತಕ್ಕೆ ಬೀಳುತ್ತದೆ. ವರ್ಷದಲ್ಲಿ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ, ಕಟ್ಟು ಬಿಚ್ಚಿ ನೂರಾರು ಮಸೂದೆಗಳ ಗತಿಯನ್ನು ಒಂದೇ ಬೈಠಕ್ಕಿನಲ್ಲಿ ಸರಸರನೆ ಓದಿಬಿಡುತ್ತಾರೆ. ಕೆಲವು ಹೊರಬರುತ್ತವೆ, ಕೆಲವು ಅಲ್ಲೇ ಉಳಿಯುತ್ತವೆ. ಉಳಿದದ್ದಕ್ಕೆ ಕಾರಣ ಹೇಳಬೇಕಾಗಿಲ್ಲ. ಯಾರೂ ‘ಬೇಡ’ ಎಂದು ಕೈಯೆತ್ತಬೇಕಾಗಿಲ್ಲ. ಸದ್ದಿಲ್ಲದೆ ಸಾಯುವುದೆಂದರೆ ಇದು. ನಮ್ಮ ಕಛೇರಿಗಳ ಕಡತಗಳನ್ನು ಬಲ್ಲವರಿಗೆ ಇದರ ರುಚಿ ಸುಲಭವಾಗಿ ತಿಳಿದೀತು. ಆದರೆ ಇಲ್ಲಿ ಮುಹೂರ್ತ ಮೊದಲೇ ಗೊತ್ತು. ಅದಕ್ಕೆ ಮುಂಚೆ ಪತ್ರ ತಲುಪಬೇಕು. ಬಜೆಟ್ಟಿಗೂ ಹಾಗೆಯೇ ಪಂಚಾಂಗವಿದೆ: ಜನವರಿ ೧೦ಕ್ಕೆ ಗವರ್ನರ ಮೊದಲ ಲೆಕ್ಕ, ಮೇ ನಡುವಿನಲ್ಲಿ ತಿದ್ದಿದ ಲೆಕ್ಕ, ಜೂನ್ ೧೫ರೊಳಗೆ ಒಪ್ಪಿಗೆ.

ಇಷ್ಟು ಕಾವಲೇಕೆ ಎಂದರೆ, ಪೆಟ್ಟು ತಿಂದವರ ಜಾಗ್ರತೆ ಅದು. ೧೯೭೮ರ ಜೂನಿನಲ್ಲಿ ಮತದಾರರೇ ‘ಪ್ರಾಪೊಸಿಷನ್ ೧೩’ ಎಂಬುದನ್ನು ಅಂಗೀಕರಿಸಿ ಆಸ್ತಿ ತೆರಿಗೆಯನ್ನು ಶೇಕಡ ಒಂದಕ್ಕೆ ಕಟ್ಟಿಹಾಕಿದರು. ಊರುಗಳೂ ಇಂಥ ಜಿಲ್ಲೆಗಳೂ ವಿಶೇಷ ತೆರಿಗೆ ಕೇಳಿದರೆ ಮೂರರಲ್ಲಿ ಎರಡು ಪಾಲು ಮತ ಬೇಕೆಂದರು. ೧೯೯೨, ೧೯೯೩ರಲ್ಲಿ ರಾಜ್ಯ ಸರ್ಕಾರ ತನ್ನ ಕೊರತೆ ತುಂಬಲು ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯ ಒಂದು ಭಾಗವನ್ನು ಶಾಲೆಗಳ ನಿಧಿಗೆ ತಿರುಗಿಸಿತು. ಶಾಲೆ ಬೇಡವೆನ್ನುವವರು ಯಾರು? ಹಾಗೆ ತೆಗೆಯುವ ಕೈಗೆ ಮಿತಿ ಬಿದ್ದದ್ದು ೨೦೦೪ರಲ್ಲಿ.

ಬಾಂಡಿನ ದಾರಿಯೂ ೧೯೭೮ರಲ್ಲಿ ಮುಚ್ಚಿ, ೧೯೮೬ರಲ್ಲಿ ಮತ್ತೆ ತೆರೆಯಿತು. ಅದೇ ಮೂರರಲ್ಲಿ ಎರಡರ ಷರತ್ತಿನೊಡನೆ. ತೆರೆದ ಎರಡೇ ವರ್ಷಕ್ಕೆ, ೧೯೮೮ರಲ್ಲಿ, ಜಿಲ್ಲೆ ಇಪ್ಪತ್ತೆರಡೂವರೆ ಕೋಟಿ ಡಾಲರಿನ ಬಾಂಡನ್ನು ಜನರ ಮುಂದಿಟ್ಟು ಗೆದ್ದಿತು. ೨೦೦೮ರ ನವೆಂಬರಿನಲ್ಲಿ, ಬ್ಯಾಂಕುಗಳು ಸಾಲಾಗಿ ಕುಸಿಯುತ್ತಿದ್ದಾಗ, ಐವತ್ತು ಕೋಟಿಯದನ್ನು ಕೇಳಿ ಅದನ್ನೂ ಗೆದ್ದಿತು. ಎರಡರಲ್ಲೂ ಕಾಲು ಪಾಲು ಆಯಾ ಊರುಗಳ ಸಣ್ಣ ಉದ್ಯಾನಗಳಿಗೆ. ದಾನವೆನ್ನಿ, ಜಾಣತನವೆನ್ನಿ, ನನಗೇನೋ ಎರಡೂ ಎಂದೇ ತೋರುತ್ತದೆ. ಮೂರರಲ್ಲಿ ಎರಡೆಂದರೆ ಎಷ್ಟು ಎತ್ತರವೆಂಬುದಕ್ಕೆ ಆ ವರ್ಷದ್ದೇ ಉದಾಹರಣೆಯಿತ್ತು. ೨೦೧೮ರ ಜೂನಿನಲ್ಲಿ ಇಡೀ ರಾಜ್ಯ ಉದ್ಯಾನ ಮತ್ತು ನೀರಿಗಾಗಿ ೪೧೦ ಕೋಟಿ ಡಾಲರಿನ ‘ಪ್ರಾಪೊಸಿಷನ್ ೬೮’ನ್ನು ಶೇಕಡ ೫೭ಕ್ಕೆ ಮೇಲ್ಪಟ್ಟ ಮತದಿಂದ ಒಪ್ಪಿತು. ರಾಜ್ಯಕ್ಕೆ ಅರ್ಧಕ್ಕಿಂತ ಒಂದು ಹೆಚ್ಚಾದರೆ ಸಾಕು. ಅಷ್ಟೇ ಮತ ಜಿಲ್ಲೆಗೆ ಬಿದ್ದಿದ್ದರೆ ಸೋಲು.

ನಾನಿದ್ದ ದಿನಗಳಲ್ಲಿ ಜಿಲ್ಲೆಯದೇ ಒಂದು ಪ್ರಶ್ನೆ ಚುನಾವಣೆಗೆ ನಿಂತಿತ್ತು. ೨೦೦೪ರಲ್ಲಿ ಹದಿನೈದು ವರ್ಷಕ್ಕೆಂದು ಒಪ್ಪಿದ್ದ ಒಂದು ತೆರಿಗೆ: ಮನೆಗೆ ವರ್ಷಕ್ಕೆ ಹನ್ನೆರಡು ಡಾಲರ್, ಅಂದರೆ ತಿಂಗಳಿಗೊಂದು. ಅದನ್ನು ಇನ್ನು ಇಪ್ಪತ್ತು ವರ್ಷ ಮುಂದುವರಿಸಬೇಕೆ? ‘ಮೆಷರ್ ಎಫ್‌ಎಫ್’ ಎಂದು ಅದರ ಹೆಸರು. ಎಲ್ಲ ಊರಿಗೂ ಅಲ್ಲ, ಓಕ್ಲೆಂಡ್, ಬರ್ಕ್ಲಿ, ರಿಚ್ಮಂಡ್ ಮೊದಲಾದ ಕೊಲ್ಲಿಯ ಅಂಚಿನವುಗಳಿಗೆ ಮಾತ್ರ. ಎಲ್ ಸೆರಿಟೊ ಅದರೊಳಗಿತ್ತು. ಬರುವ ಹಣ ವರ್ಷಕ್ಕೆ ಸುಮಾರು ೩೩ ಲಕ್ಷ ಡಾಲರ್. ಮುಖ್ಯವಾದ ಖರ್ಚು ಒಣ ಪೊದೆ, ನೀಲಗಿರಿ ಕಸ ತೆಗೆದು ಬೆಂಕಿಗೆ ಆಹಾರ ಸಿಗದಂತೆ ಮಾಡುವುದು. ೧೯೯೧ರ ಅಕ್ಟೋಬರಿನಲ್ಲಿ ಓಕ್ಲೆಂಡಿನ ಗುಡ್ಡಕ್ಕೆ ಬೆಂಕಿ ಹತ್ತಿ ೨೫ ಜನ ಸತ್ತದ್ದನ್ನು ಅಲ್ಲಿಯವರು ಮರೆತಿಲ್ಲ.

ಟಿಲ್ಡನ್ನಿನಲ್ಲಿ ಸಿಕ್ಕ ಒಬ್ಬ ರೇಂಜರನ್ನು, ಸುಮ್ಮನೆ ಮಾತಿಗೆಂದು, ‘ಇದಕ್ಕೆ ಹೇಗೆ ಮತ ಹಾಕಬೇಕು?’ ಎಂದು ಕೇಳಿದೆ. ಆತ ನಕ್ಕು ತನ್ನ ಅಂಗಿಯ ಬಿಲ್ಲೆಯನ್ನು ತೋರಿಸಿ, ‘ಇದು ಮೈಮೇಲಿರುವಾಗ ಹೇಳಲಾರೆ’ ಎಂದ. ತಮಾಷೆಯಲ್ಲ, ಕಾನೂನು. ಅದರ ಹಿಂದೊಂದು ಕಥೆಯೂ ಇದೆ. ವಿಲಿಯಂ ಪೆನ್ ಮಾಟ್ ಎಂಬಾತ ೧೯೬೨ರಿಂದ ೧೯೬೭ರವರೆಗೆ ಇದೇ ಜಿಲ್ಲೆಯ ಮುಖ್ಯ ವ್ಯವಸ್ಥಾಪಕ. ಜಿಲ್ಲೆ ಕಾಂಟ್ರಾ ಕಾಸ್ಟಾಕ್ಕೆ ಹಬ್ಬಿದ್ದು ಅವನ ಕಾಲದಲ್ಲೇ, ೧೯೬೪ರಲ್ಲಿ. ಆಮೇಲೆ ರಾಜ್ಯದ ಉದ್ಯಾನ ಇಲಾಖೆಯ ಮುಖ್ಯಸ್ಥನಾದ. ೧೯೭೪ರ ಜೂನಿನಲ್ಲಿ ೨೫ ಕೋಟಿ ಡಾಲರಿನ ಉದ್ಯಾನ ಬಾಂಡು ಮತಕ್ಕೆ ಬಂದಾಗ, ಅದನ್ನು ಗೆಲ್ಲಿಸಲು ಇಲಾಖೆ ಐದು ಸಾವಿರ ಡಾಲರಿಗೂ ಹೆಚ್ಚು ಸಾರ್ವಜನಿಕ ಹಣ ಖರ್ಚುಮಾಡಿತೆಂದು ಒಬ್ಬ ತೆರಿಗೆದಾರ ದಾವೆ ಹೂಡಿದ. ೧೯೭೬ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಹೇಳಿತು: ಸಂಗತಿಯನ್ನು ಪಕ್ಷಪಾತವಿಲ್ಲದೆ ತಿಳಿಸಬಹುದು, ಶಾಸನದ ಸ್ಪಷ್ಟ ಅಧಿಕಾರವಿಲ್ಲದೆ ಸಾರ್ವಜನಿಕ ಹಣದಿಂದ ಒಂದು ಪಕ್ಷಕ್ಕೆ ಪ್ರಚಾರ ಮಾಡುವಂತಿಲ್ಲ, ತಕ್ಕ ಎಚ್ಚರಿಕೆ ವಹಿಸದ ಅಧಿಕಾರಿ ಸ್ವಂತ ಕಿಸೆಯಿಂದ ತೆರಬೇಕಾದೀತು. ಉದ್ಯಾನಗಳನ್ನು ಅಷ್ಟು ಪ್ರೀತಿಸಿದವನ ಹೆಸರು ವಕೀಲರ ಬಾಯಲ್ಲಿ ಹೀಗೆ ಉಳಿದದ್ದು ವಿಚಿತ್ರ. ೧೯೮೫ರಲ್ಲಿ ಆತ ಇಡೀ ದೇಶದ ರಾಷ್ಟ್ರೀಯ ಉದ್ಯಾನಗಳ ನಿರ್ದೇಶಕನಾದನೆಂಬುದನ್ನೂ ಹೇಳಿಬಿಡಬೇಕು.

ರೇಂಜರ್ ಬಾಯಿ ಕಟ್ಟಿದ್ದರೂ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಭಾವ ತೆರಿಗೆಯ ಚೀಟಿ ತಂದು ಮೇಜಿನ ಮೇಲೆ ಹಾಸಿದರು. ಶಾಲೆಗೊಂದು ಸಾಲು, ಚರಂಡಿಗೊಂದು ಸಾಲು, ಉದ್ಯಾನಕ್ಕೊಂದು. ‘ಎಲ್ಲರೂ ತಿಂಗಳಿಗೊಂದೇ ಡಾಲರ್ ಎನ್ನುತ್ತಾರೆ. ಪಕ್ಕದ ಮನೆಯ ಮುದುಕಿಗೆ ಪಿಂಚಣಿಯೊಂದೇ ಗತಿ. ನಿಮ್ಮ ಸಮಿತಿ ಅವಳ ಲೆಕ್ಕ ಹಿಡಿಯುತ್ತದೆಯೆ?’ ಎಂದರು. ಅಕ್ಕ ಕಾಲು ಚಾಚಿ ಕುಳಿತಲ್ಲಿಂದಲೇ, ‘ಆ ಮುದುಕಿ ದಿನಾ ಬೆಳಿಗ್ಗೆ ನಾಯಿ ಕರೆದುಕೊಂಡು ಹೋಗುವುದು ಎಲ್ಲಿಗೆ?’ ಎಂದಳು. ಭಾವನ ಮಾತಿನಲ್ಲಿ ಸತ್ಯವಿತ್ತು. ಹನ್ನೆರಡು ಡಾಲರ್ ಬಂಗಲೆಗೂ ಅಷ್ಟೇ, ಗುಡಿಸಿಲಿಗೂ ಅಷ್ಟೇ. ಬಡವನಿಗೆ ಅದು ಹೆಚ್ಚು ಭಾರ. ಬಾಡಿಗೆ ಮನೆಗಳ ದರ ಸ್ವಲ್ಪ ಕಡಮೆ, ತಿಂಗಳಿಗೆ ೬೯ ಸೆಂಟು, ಎಂಬುದರಿಂದ ಆ ಆಕ್ಷೇಪ ಪೂರ್ತಿ ತೀರುವುದಿಲ್ಲ. ಆದರೂ ಬೆಂಕಿ ಬಂದರೆ ಅದು ಚೀಟಿ ನೋಡಿ ಬರುವುದಿಲ್ಲವೆಂದು ನಾನು ಹೇಳಿದೆ. ಮತವಿಲ್ಲದವನಿಗೆ ಮಾತು ಸುಲಭ ಎಂದರು ಭಾವ.

ಅದೇ ಸೆಪ್ಟೆಂಬರ್ ೩೦ಕ್ಕೆ ವಾಷಿಂಗ್ಟನ್ನಿನಿಂದ ಇನ್ನೊಂದು ಸುದ್ದಿ ಬಂದಿತ್ತು. ಸಮುದ್ರದೊಳಗೆ ಎಣ್ಣೆ ತೆಗೆಯುವವರು ಕೊಡುವ ಹಣದಿಂದ ಉದ್ಯಾನಗಳಿಗೆ ನೆರವಾಗುವ ‘ಭೂಮಿ ಮತ್ತು ಜಲ ಸಂರಕ್ಷಣಾ ನಿಧಿ’ಯ ಕಾನೂನು ೧೯೬೪ರದು, ಅದರ ಅವಧಿ ಅಂದು ಮುಗಿದುಹೋಯಿತು. ಕಾಂಗ್ರೆಸ್ಸು ವಿರೋಧಿಸಿತೆಂದಲ್ಲ, ಸಮಯಕ್ಕೆ ಸರಿಯಾಗಿ ಮತ ತೆಗೆದುಕೊಳ್ಳಲಿಲ್ಲ, ಅಷ್ಟೆ.

ನವೆಂಬರ್ ೬ ಚುನಾವಣೆ. ೮ನೆಯ ತಾರೀಖು ಉತ್ತರದ ಪ್ಯಾರಡೈಸ್ ಎಂಬ ಊರಿಗೆ ಕಾಳ್ಗಿಚ್ಚು ನುಗ್ಗಿತು. ೮೫ ಜನ ಸತ್ತರು. ಊರಿಗೆ ಊರೇ ಬೂದಿಯಾಯಿತು. ನೂರೈವತ್ತು ಮೈಲಿ ದೂರದ ನಮ್ಮಲ್ಲಿಗೂ ಹೊಗೆ ಬಂದು ಸುಮಾರು ಎರಡು ವಾರ ನಿಂತಿತು. ಸೂರ್ಯ ಕುಂಕುಮದ ಬೊಟ್ಟಿನಂತೆ ಕಾಣುತ್ತಿದ್ದ. ಗುಡ್ಡ ಕಾಣಿಸುತ್ತಲೇ ಇರಲಿಲ್ಲ. ಕಿಟಕಿಗಳ ಸಂದಿಗೆ ಅಕ್ಕ ಒದ್ದೆ ಟವಲು ತುರುಕಿಸಿದಳು. ಅಂಚೆಯ ಮತಗಳ ಎಣಿಕೆ ಅಲ್ಲಿ ವಾರಗಟ್ಟಲೆ ನಡೆಯುತ್ತದೆ. ಆ ಹೊಗೆಯೊಳಗೇ ಎಫ್‌ಎಫ್‌ನ ಲೆಕ್ಕ ಬೆಳೆಯುತ್ತ ಹೋಗಿ ಮೂರರಲ್ಲಿ ಎರಡನ್ನು ಸುಖವಾಗಿ ದಾಟಿತು. ಮತ ಹಾಕಿದವರೆಲ್ಲರೂ ಹಾಕಿದ್ದು ಹೊಗೆ ಬರುವುದಕ್ಕೆ ಮೊದಲು ಎಂಬುದನ್ನು ಗಮನಿಸಬೇಕು.

ನಾನು ಊರಿಗೆ ಬಂದ ಮೇಲೆಯೂ ಆ ಸಮಿತಿಯ ಕಾರ್ಯಸೂಚಿಗಳನ್ನು ಆಗಾಗ ನೋಡುತ್ತೇನೆ. ವಾಷಿಂಗ್ಟನ್ನಿನ ನಿಧಿಗೆ ೨೦೧೯ರ ಮಾರ್ಚಿನಲ್ಲಿ ಮತ್ತೆ ಜೀವ ಬಂತು, ಈ ಸಲ ಅವಧಿಯಿಲ್ಲದೆ. ೨೦೨೦ರಲ್ಲಿ ವರ್ಷಕ್ಕೆ ೯೦ ಕೋಟಿ ಡಾಲರ್ ತಪ್ಪದೆ ಕೊಡಬೇಕೆಂದು ಇನ್ನೊಂದು ಕಾನೂನಾಯಿತು. ೨೦೨೪ರ ನವೆಂಬರಿನಲ್ಲಿ ರಾಜ್ಯದ ಮತದಾರರು ಸಾವಿರ ಕೋಟಿ ಡಾಲರಿನ ಹವಾಮಾನ ಬಾಂಡನ್ನು ಒಪ್ಪಿದರು; ಅದರಲ್ಲಿ ಬೆಂಕಿಯ ತಡೆಗೂ ಉದ್ಯಾನಕ್ಕೂ ಪಾಲುಂಟು. ಭಾವ ಅಂದು ಯಾವ ಕಡೆ ಗುರುತು ಹಾಕಿದರೆಂದು ಅಕ್ಕನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪ್ರತಿ ವರ್ಷ ತೆರಿಗೆಯ ಚೀಟಿ ಬಂದಾಗ ಅದರ ಚಿತ್ರ ತೆಗೆದು, ಉದ್ಯಾನದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ನನಗೆ ಕಳಿಸುತ್ತಾರೆ. ಅದನ್ನು ನಾನು ದ್ವಿತೀಯ ವರ್ಷದ ತರಗತಿಯಲ್ಲಿ ತೋರಿಸುತ್ತೇನೆ.